ಕೋಯಾಕರ ಎರಡು ಸಾವಿರ ಹೆಜ್ಜೆ

ಬಂದ್ಯೋಡಿನ ಕೋಯಾಕರಿಗೆ ನಡೆಯುವುದಕ್ಕಿಂತ, ಊರವರ ಕಣ್ಣು ತಪ್ಪಿಸಿ ನಡೆಯುವುದೇ ದೊಡ್ಡ ಫಜೀತಿಯಾಯಿತು.

ಬೀಡಿ ಬಿಟ್ಟು ಆರು ವರ್ಷವಾದರೂ ಬೀಡಿ ಕೊಟ್ಟ ಶ್ವಾಸಕೋಶದ ಕಾಯಿಲೆ ಅವರನ್ನು ಬಿಟ್ಟಿರಲಿಲ್ಲ. ದಿನಕ್ಕೆರಡು ಸಲ ಇನ್‌ಹೇಲರ್ ಎಳೆದು, ಬಾಯಿ ಮುಕ್ಕಳಿಸಿ ಹೇಗೋ ಸುಧಾರಿಸಿಕೊಂಡಿದ್ದರು. ಈಗ ಶಾರ್ಜಾದಲ್ಲಿ ಮಗಳು ಮುಹ್ಸಿನಾ ಹೆತ್ತಿದ್ದಳು. ಮೊಮ್ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕೆಂದು ಕೋಯಾಕರ ಜೀವ ಹಾತೊರೆಯುತ್ತಿತ್ತು. ಶುಕ್ರವಾರಕ್ಕೆ ಅವರಿಗೂ ಹೆಂಡತಿಗೂ ಟಿಕೆಟೂ ಆಗಿತ್ತು. ಆದರೆ ವಿಮಾನ ಹತ್ತಲು ಕುಂಬಳೆಯ ಡಾಕ್ಟರ್ ಈಶ್ವರಪ್ರಸಾದರ ಚೀಟಿ ಬೇಕು.

"ನಾಳೆ ಎರಡು ಸಾವಿರ ಹೆಜ್ಜೆ ನಡೀರಿ. ಆಯಾಸ ಆದಲ್ಲಿ ನಿಂತು, ತುಟಿ ಚೂಪು ಮಾಡಿ ಮೆಲ್ಲ ಉಸಿರು ಬಿಡಿ. ಜೇಬಿನಲ್ಲಿದ್ರೆ ಫೋನೇ ಹೆಜ್ಜೆ ಎಣಿಸ್ತದೆ. ಸಂಜೆ ತಂದು ತೋರಿಸಿ, ಆಮೇಲೆ ಚೀಟಿ," ಎಂದಿದ್ದರು. ಡಾಕ್ಟರಿಗೇನು, ಹೇಳಿಬಿಟ್ಟರು.

ಬೆಳಿಗ್ಗೆ ಮನೆಯಿಂದ ನೂರು ಹೆಜ್ಜೆ ದಾಟುವಷ್ಟರಲ್ಲಿ ಪಕ್ಕದ ಮನೆಯ ಉನೈಸನ ಬೈಕು ಅಡ್ಡ ನಿಂತಿತು.

"ಹತ್ತಿ ಕೋಯಾಕ, ಜಂಕ್ಷನಿಗೆ ಬಿಡ್ತೇನೆ."

"ಬೇಡ ಮಾರಾಯ, ನಾನು ನಡೀಲಿಕ್ಕೇ ಹೊರಟದ್ದು."

"ದಮ್ಮಿನ ಕಾಯಿಲೆ ಇರುವವರನ್ನು ದಾರಿಯಲ್ಲಿ ಬಿಟ್ಟು ಹೋದ್ರೆ ಉಮ್ಮ ನನಗೆ ಅನ್ನ ಹಾಕ್ಲಿಕ್ಕಿಲ್ಲ."

ಹಿರಿಯರನ್ನು ನಡೆಯಲು ಬಿಡುವ ಮರ್ಯಾದೆಗೇಡಿಗಳು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಕೋಯಾಕ ಹತ್ತಿದರು.

ಜಂಕ್ಷನಿನಲ್ಲಿ ಇಳಿದು ಮನೆಯ ಕಡೆ ನಡೆಯತೊಡಗಿದರು. ಸ್ವಲ್ಪದರಲ್ಲೇ ಏದುಸಿರು ಬಂತು. ಕರೆಂಟು ಕಂಬಕ್ಕೆ ಒರಗಿ ತುಟಿ ಚೂಪು ಮಾಡಿ ಉಸಿರು ಬಿಟ್ಟರು. ಲೋಕನಾಥನ ಆಟೋ ಬಂದು ನಿಂತಿತು.

"ಎಂತ ಕೋಯಾಕ, ಕರೆದದ್ದು?"

"ಯಾರು ಕರೆದ್ರು?"

"ಶಿಳ್ಳೆ ಹಾಕಿದ್ರಲ್ಲ. ನಿಮ್ಮ ಬಾಯಿ ನೋಡಿದೆ ನಾನು."

ಉತ್ತರಿಸಲು ಉಸಿರು ಒದಗುವ ಮೊದಲೇ ಕೋಯಾಕ ಆಟೋದೊಳಗಿದ್ದರು. ಚೀಟಿಯ ಆಸೆ ಮುಗಿಯಿತೆಂದು ಬೇಸರದಿಂದ ಫೋನು ತೆಗೆದು ನೋಡಿದರೆ, ಸಾವಿರದ ಆರುನೂರು. ಆಟೋ ಹೊಂಡಕ್ಕೆ ಬಿತ್ತು. ಸಾವಿರದ ಆರುನೂರ ನಾಲ್ಕು.

ಕೋಯಾಕರ ಮುಖ ಅರಳಿತು.

"ಲೋಕನಾಥ, ಆಟೋ ತಿರುಗಿಸು. ಕುಂಬಳೆಗೆ ಹೋಗಿ ಬರುವ."

"ಅಲ್ಲಿ ಎಂತ ಉಂಟು?"

"ದಾರಿಯಲ್ಲಿ ಹೊಂಡ ಉಂಟು."

ಮತ್ತೆ ಇಡೀ ದಿನ ಕೋಯಾಕ ಯಾರಿಗೂ ಬೇಡ ಅನ್ನಲಿಲ್ಲ. ಮೀನಿನ ಟೆಂಪೋದಲ್ಲೂ ಕೂತರು. ಯಾರೂ ನಿಲ್ಲಿಸದಿದ್ದರೆ ತಾವೇ ಕೈ ಅಡ್ಡ ಹಿಡಿದರು.

ಸಂಜೆ ಹೆಂಡತಿ ಆಯಿಶುಮ್ಮನನ್ನು ಕರೆದುಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಫೋನು ಇಟ್ಟರು. ಹದಿನಾಲ್ಕು ಸಾವಿರದ ಮುನ್ನೂರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಪುನಃ ನೋಡಿದರು.

"ನಾನು ಹೇಳಿದ್ದು ಎರಡು ಸಾವಿರ. ಈ ಶ್ವಾಸಕೋಶ ಇಟ್ಟುಕೊಂಡು ಹದಿನಾಲ್ಕು ಸಾವಿರವಾ? ಹೇಳಿದ್ದು ಕೇಳದವರನ್ನು ಯಾವ ಧೈರ್ಯದಲ್ಲಿ ವಿಮಾನ ಹತ್ತಿಸ್ಲಿ? ಒಂದು ತಿಂಗಳು ಕಳೆದು ಬನ್ನಿ, ನೋಡುವ."

ಕೋಯಾಕ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಗುವಿನ ಮುಖ ಕಣ್ಣೆದುರು ಬಂದು, ನಿಜ ಹೇಳಿಬಿಟ್ಟರು.

"ಡಾಕ್ಟ್ರೇ, ಅದು ನನ್ನ ಹೆಜ್ಜೆ ಅಲ್ಲ. ಆಟೋದ್ದು."

"ನಿಮ್ಮದೆಷ್ಟು?"

"ಒಂದು ಇನ್ನೂರು ಇರಬಹುದು."

"ಹಾಗಾದ್ರೆ ಎರಡು ತಿಂಗಳು ಕಳೆದು ಬನ್ನಿ."

ಆಯಿಶುಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ನನಗೆ ಉಸಿರಿನ ತೊಂದರೆ ಎಂತದೂ ಇಲ್ಲವಲ್ಲ ಡಾಕ್ಟ್ರೇ? ನಾನು ಶುಕ್ರವಾರವೇ ಹೋಗ್ತೇನೆ." ಆಮೇಲೆ ಗಂಡನ ಕಡೆ ತಿರುಗಿ ಸಮಾಧಾನ ಹೇಳಿದಳು: "ನೀವು ಬೇಜಾರು ಮಾಡ್ಬೇಡಿ. ಮಗುವಿಗೆ ನಿಮ್ಮ ಫೋಟೋ ತೋರಿಸ್ತೇನೆ."