ಹನ್ನೆರಡರೊಳಗೆ ಒಂದು ‘ಎನ್’

ಶೋಭಾರಾಣಿ ಕುರ್ಚಿ ಬಿಟ್ಟು ಎದ್ದದ್ದೇ ತಪ್ಪಾಯಿತು. ಕಬ್ಬಿಣದ ಸರಳು ತುಂಬಿದ ಲಾರಿ ಬಂದಿದೆ, ಸ್ಟೋರ್ಸಿನವರ ಸಹಿ ಬೇಕು ಎಂದು ಗೇಟಿನಿಂದ ಕರೆ ಬಂತು. ಎರಡು ನಿಮಿಷದ ಕೆಲಸ ಎಂದು ಹೋದವಳು ಸರಳು ಎಣಿಸಿ, ಇಳಿಸುವವರ ಜೊತೆ ಜಗಳವಾಡಿ ವಾಪಸು ಬರುವಾಗ ಹನ್ನೊಂದು ಗಂಟೆ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಅವಳು ತೆರೆದಿಟ್ಟು ಹೋಗಿದ್ದ ಫಾರಂ ಇರಲಿಲ್ಲ. ಅದರ ಜಾಗದಲ್ಲಿ ಯಾರದೋ ಡಿಸ್ಪ್ಯಾಚ್ ಪಟ್ಟಿ ಹಸಿರು ಅಕ್ಷರಗಳಲ್ಲಿ ಮಿಣುಕುತ್ತಿತ್ತು.

ಅವಳಿಗೆ ಮೈ ಉರಿದುಹೋಯಿತು. ಉರಿಯದೆ ಇನ್ನೇನು? ಪೀಣ್ಯದ ಆ ಗೇರ್ ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ಘಟಕ ತೆರೆಯುತ್ತಿತ್ತು. ಹೋಗಲು ಒಪ್ಪಿಗೆಯಿದ್ದವರು ಫಾರಂನಲ್ಲಿ ‘ವೈ’ ಒತ್ತಬೇಕು, ಇಲ್ಲದವರು ‘ಎನ್’. ಏನೂ ಒತ್ತದವರನ್ನು ಕಂಪನಿ ತನಗೆ ಬೇಕಾದಲ್ಲಿಗೆ ಹಾಕುತ್ತದೆ. ಗಡುವು ಇವತ್ತು ಮಧ್ಯಾಹ್ನ ಹನ್ನೆರಡು. ಇಷ್ಟು ದೊಡ್ಡ ಮಾತಿನ ನೋಟಿಸು ಅಂಟಿಸಿದ್ದು ನೆನ್ನೆ ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ.

ಶೋಭಾರಾಣಿಯ ಮನೆ ಪಕ್ಕದ ರಾಜಗೋಪಾಲನಗರ. ನಡೆದರೆ ಹತ್ತು ನಿಮಿಷ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ಪುಣೆಯ ದಾರಿಯಲ್ಲೇ ಇರುತ್ತಾನೆ. ಮಗಳು ವೇಣಿಗೆ ಆರು ವರ್ಷ. ಐದು ಗಂಟೆಗೆ ಶಾಲೆಯ ಗೇಟಿನಲ್ಲಿ ಅಮ್ಮ ಕಾಣದಿದ್ದರೆ ಇಡೀ ಬೀದಿಗೆ ಕೇಳುವಂತೆ ಅಳುತ್ತಾಳೆ. ಎಲೆಕ್ಟ್ರಾನಿಕ್ ಸಿಟಿ ಎಂದರೆ ಎರಡು ಬಸ್ಸು ಬದಲಿಸಬೇಕು, ಮೇಲ್ಸೇತುವೆಗೆಂದು ಹೊಸೂರು ರಸ್ತೆಯ ಉದ್ದಕ್ಕೂ ಅಗೆದ ಗುಂಡಿ ದಾಟಬೇಕು, ಮನೆ ಸೇರುವಾಗ ಎಂಟು ದಾಟಿರುತ್ತದೆ. ಮಗುವನ್ನು ಅಲ್ಲಿಯವರೆಗೆ ಯಾರು ನೋಡಿಕೊಳ್ಳುತ್ತಾರೆ? ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಎನ್.

ಒಳ್ಳೆಯ ಕಂಪ್ಯೂಟರುಗಳನ್ನೆಲ್ಲ ಆಗಲೇ ಹೊಸ ಘಟಕಕ್ಕೆ ಸಾಗಿಸಿಯಾಗಿತ್ತು. ಇಡೀ ಆಫೀಸಿಗೆ ಉಳಿದದ್ದು ಈ ಒಂದು ಮುದಿ ಟರ್ಮಿನಲ್. ಮೌಸ್ ಇಲ್ಲ, ಬಣ್ಣವಿಲ್ಲ. ಯಾರು ಯಾವ ಕೆಲಸ ತೆರೆದರೂ ಗೆರೆ ಎಳೆದ ಒಂದು ಚೌಕ ಬಂದು ಹಳೆಯದರ ಮೇಲೆ ಕೂರುತ್ತಿತ್ತು. ಅದಕ್ಕೆ ವಿಂಡೋ ಎಂದು ಹೆಸರು. ಗೋದಾಮಿನಲ್ಲಿ ಪೇರಿಸಿದ ಮೂಟೆಗಳ ಹಾಗೆ, ಮೇಲಿನದನ್ನು ತೆಗೆಯದೆ ಕೆಳಗಿನದು ಸಿಗದು. ಎಸ್ಕೇಪ್ ಒತ್ತಿದರೆ ಮೇಲಿನದು ಹೋಗುತ್ತದೆ ನಿಜ, ಅದರಲ್ಲಿ ತುಂಬಿಸಿದ್ದೂ ಜೊತೆಗೇ ಹೋಗುತ್ತದೆ. ಹೋದ ವರ್ಷ ಹಾಗಾಗಿ ಇಬ್ಬರು ಕಾಲರ್ ಹಿಡಿದುಕೊಂಡ ಮೇಲೆ, ಒಬ್ಬರ ವಿಂಡೋ ಇನ್ನೊಬ್ಬರು ಮುಚ್ಚಿದರೆ ಮೆಮೊ ಕೊಡುತ್ತೇವೆ ಎಂದು ಮ್ಯಾನೇಜರು ಬೋರ್ಡು ಬರೆಸಿ ಟರ್ಮಿನಲ್ಲಿನ ನೆತ್ತಿಗೇ ತೂಗುಹಾಕಿದ್ದರು.

ಡಿಸ್ಪ್ಯಾಚ್ ಎಂದರೆ ಬಾಲಾಜಿ. ಶೋಭಾರಾಣಿ ಶೆಡ್ಡು ಶೆಡ್ಡು ಹುಡುಕಿ, ಕೊನೆಗೆ ರಸ್ತೆಯಾಚೆ ಟೀ ಗಾಡಿಯ ಹತ್ತಿರ ಅವನನ್ನು ಹಿಡಿದಳು. ಖಾಲಿ ಇತ್ತು, ಎರಡು ನಿಮಿಷಕ್ಕೆ ಅಂತ ತೆಗೆದೆ ಅಕ್ಕ, ಅಂದ.

“ನಿನ್ನ ಎರಡು ನಿಮಿಷದಲ್ಲಿ ನನ್ನ ಸಂಸಾರ ಬೀದಿಗೆ ಬೀಳುತ್ತೆ ಕಣೋ. ಲೋಟ ಇಟ್ಟು ಬಾ.”

ಲೋಟ ಹಿಡಿದುಕೊಂಡೇ ಬಂದ. ಇನ್ನೂ ಹದಿನಾಲ್ಕು ಸಾಲು ಬಾಕಿ ಇತ್ತು. ಅವನು ಒಂದೇ ಬೆರಳಲ್ಲಿ, ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದ. ಹಿಂದೆ ನಿಂತ ಶೋಭಾರಾಣಿಗೆ ಆ ಬೆರಳನ್ನು ಮುರಿದುಹಾಕುವಷ್ಟು ಸಿಟ್ಟು ಬಂತು. ಹನ್ನೊಂದೂವರೆಗೆ ಅವನ ವಿಂಡೋ ಮುಚ್ಚಿತು, ಕೆಳಗಿನಿಂದ ಕ್ಯಾಂಟೀನಿನ ಊಟದ ಪಟ್ಟಿ ಎದ್ದು ಬಂತು.

ಅದು ಟೈಂ ಆಫೀಸಿನ ಪದ್ಮಾವತಿಯದು. ಪದ್ಮಾವತಿ ಮಹಡಿಯ ಮೆಟ್ಟಿಲ ಮೇಲೆ ಕೂತು ತಂಗಿಯ ಜೊತೆ ಫೋನಿನಲ್ಲಿದ್ದಳು. ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ ಎಂಟು ನಿಮಿಷ ಮಾತಾಡಿದಳು. ಕೆಳಗೆ ಬಂದು ಕೂತ ಮೇಲೂ, ಯಾರು ಎಷ್ಟು ಹೊತ್ತಿಗೆ ಊಟಕ್ಕೆ ಬರುತ್ತಾರೆಂದು ವಿಭಾಗಗಳಿಗೆಲ್ಲ ಫೋನು ಮಾಡಿ ಕೇಳಿದಳು. ಅಷ್ಟರಲ್ಲಿ ಸುತ್ತ ಒಂದು ಗುಂಪೇ ಸೇರಿತ್ತು. ಒಬ್ಬ ಎಫ್ ಸೆವೆನ್ ಒತ್ತಿ ಎಂದ, ಇನ್ನೊಬ್ಬ ಪ್ಲಗ್ಗೇ ಕಿತ್ತು ಹಾಕಿ ಎಂದ. ಹೊಸದಾಗಿ ಬಂದಿದ್ದ ಪರ್ಸನೆಲ್ ಆಫೀಸರ್ ಸಿದ್ಧಾರ್ಥ್ ಟೈ ಸರಿಮಾಡಿಕೊಳ್ಳುತ್ತಾ ಬಂದು, ಹನ್ನೆರಡಕ್ಕೆ ಪಟ್ಟಿ ತಾನಾಗಿಯೇ ಹೆಡ್ ಆಫೀಸಿಗೆ ಹೋಗುತ್ತದೆ ಎಂದು ನೆನಪಿಸಿದ. ಎಲ್ಲರಿಗೂ ಶೋಭಾರಾಣಿ ಕೈಗೆ ಸಿಕ್ಕಿದ್ದು ಎಸೆದಂತೆ ಉತ್ತರ ಕೊಟ್ಟಳು.

ಅವಳ ಬೆನ್ನಿಗೇ ಅಂಟಿ ನಿಂತಿದ್ದವನು ಟೂಲ್ ರೂಮಿನ ಲಕ್ಷ್ಮಯ್ಯ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹಳ್ಳಿಯವನೇ, ಅಲ್ಲೇ ಮನೆ, ಅಲ್ಲೇ ಬಾಡಿಗೆಗೆ ಕೊಟ್ಟ ಮನೆಗಳು. ಹತ್ತೊಂಬತ್ತು ವರ್ಷದಿಂದ ಕತ್ತಲಿರುವಾಗಲೇ ಬಸ್ಸು ಹಿಡಿದು ಇಡೀ ಬೆಂಗಳೂರು ದಾಟಿ ಪೀಣ್ಯಕ್ಕೆ ಬರುತ್ತಿದ್ದ. ಸರ್ವಿಸು ಇನ್ನು ನಾಲ್ಕು ವರ್ಷ. ಅಷ್ಟಾದರೂ ಮನೆಯಲ್ಲಿ ಕೂತು ತಿಂಡಿ ತಿಂದು ಕೆಲಸಕ್ಕೆ ಹೋಗಬೇಕೆಂದು ಅವನಾಸೆ. ಅವನಿಗೆ ಬೇಕಾದದ್ದು ವೈ.

“ನಂದೂ ಅದ್ರಲ್ಲೇ ಐತೆ ತಾಯಿ, ಬೆಳಿಗ್ಗೇನೇ ತೆಗ್ದಿಟ್ಟಿವ್ನಿ,” ಅಂದ.

“ಮೊದಲು ನಂದು ಮುಗೀಲಿ ಲಕ್ಷ್ಮಯ್ಯಣ್ಣ. ಸುಮ್ನಿರಿ,” ಎಂದಳು ತಿರುಗಿಯೂ ನೋಡದೆ.

ಹನ್ನೆರಡಕ್ಕೆ ಆರು ನಿಮಿಷವಿರುವಾಗ ಪದ್ಮಾವತಿ ಎದ್ದಳು. ಊಟದ ಪಟ್ಟಿ ಮಾಯವಾಗಿ ಒಪ್ಪಿಗೆಯ ಫಾರಂ ಕಾಣಿಸಿಕೊಂಡಿತು. ಶೋಭಾರಾಣಿ ಬೆಳಗಿನಿಂದ ಕೂಡಿಟ್ಟ ಕೋಪವನ್ನೆಲ್ಲ ಬೆರಳಿಗೆ ತಂದು ಎನ್ ಕುಟ್ಟಿದಳು, ಅದನ್ನು ಒಪ್ಪಿಸುವ ಎಫ್ ಟೆನ್ ಕುಟ್ಟಿದಳು. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಕಿರ್ರೆಂದಿತು. ಪರದೆಯ ಮೇಲೆ ಅಂಥದೇ ಇನ್ನೊಂದು ಫಾರಂ ನಿಂತಿತು. ಮುಂದಿನವರಿಗೆಂದು ಬಂದಿರಬೇಕು ಎಂದುಕೊಂಡು ಅವಳು ಎದ್ದು, ಕೂತ್ಕೊಳ್ಳಿ ಅಣ್ಣ ಎಂದು ಕುರ್ಚಿಯನ್ನು ತಾನೇ ಎಳೆದು ಕೊಟ್ಟಳು. ಲಕ್ಷ್ಮಯ್ಯ ಕನ್ನಡಕ ಒರೆಸಿಕೊಂಡು ದೇವರಿಗೆ ಹೂವಿಡುವಷ್ಟು ಮೆತ್ತಗೆ ವೈ ಒತ್ತಿದ, ಎಫ್ ಟೆನ್ ಒತ್ತಿದ. ಹನ್ನೆರಡು ಹೊಡೆಯಿತು.

ಬೆಳಗಿನಿಂದ ಮೊದಲ ಸಲ ಅವಳ ಉಸಿರು ಸರಾಗವಾಯಿತು. ಬಾಲಾಜಿಗೆ ಒಂದು ಟೀ ಕೊಡಿಸಿದರೂ ಕೊಡಿಸಿಯೇನು ಎನ್ನಿಸಿತು. ಆಗ ಸಿದ್ಧಾರ್ಥ್ ಪ್ರಿಂಟರಿನಿಂದ ಎರಡು ಚೀಟಿ ಹರಿದು ತಂದು ಓದಿದ.

“ಲಕ್ಷ್ಮಯ್ಯ, ಟೂಲ್ ರೂಂ, ಎನ್. ಶೋಭಾರಾಣಿ, ಸ್ಟೋರ್ಸ್, ವೈ. ಇಬ್ಬರದೂ ಬಂದಿದೆ.”

ವಿಷಯ ಹೊರಬರಲು ಐದು ನಿಮಿಷ ಹಿಡಿಯಿತು. ಬೆಳಿಗ್ಗೆ ಅವಳು ಗೇಟಿಗೆ ಹೋದ ಕೂಡಲೇ ಲಕ್ಷ್ಮಯ್ಯ ಬಂದು ತನ್ನ ಫಾರಂ ತೆರೆದು, ಕನ್ನಡಕ ತರಲು ಹೋಗಿದ್ದ. ಅದೇ ಅಳತೆ, ಅದೇ ಅಕ್ಷರ. ಅವಳದರ ಮೇಲೆ ಒಂದು ಗೆರೆಯೂ ಆಚೀಚೆಯಾಗದಂತೆ ಕೂತಿತ್ತು. ಅವಳು ಎನ್ ಕುಟ್ಟಿದ್ದು ಅವನದಕ್ಕೆ, ಅವನು ವೈ ಒತ್ತಿದ್ದು ಅವಳದಕ್ಕೆ. ಮೂಲೆಯಲ್ಲಿದ್ದ ನೌಕರರ ನಂಬರನ್ನು ಇಬ್ಬರೂ ನೋಡಿರಲಿಲ್ಲ.

ಶೋಭಾರಾಣಿ ಕೂಗಾಡಿದಳು. ಸಿಸ್ಟಂ ತಗೊಂಡುಬಿಟ್ಟಿದೆ ಮೇಡಂ, ಇನ್ನೊಂದು ವರ್ಷ ಏನೂ ಮಾಡಕ್ಕಾಗಲ್ಲ ಎಂದು ಹೇಳಿ ಸಿದ್ಧಾರ್ಥ್ ಊಟಕ್ಕೆ ಹೋದ. ಬೈಯೋಣವೆಂದರೆ ಬಾಲಾಜಿ, ಪದ್ಮಾವತಿ ಇಬ್ಬರೂ ಮೆಲ್ಲಗೆ ಜಾಗ ಖಾಲಿ ಮಾಡಿದ್ದರು.

ಉಳಿದವನು ಲಕ್ಷ್ಮಯ್ಯ. ಹತ್ತೊಂಬತ್ತು ವರ್ಷದಲ್ಲಿ ಅವನ ದನಿ ಏರಿದ್ದನ್ನು ಆ ಕಾರ್ಖಾನೆ ಕೇಳಿರಲಿಲ್ಲ. ಈಗ ಅವನ ಮೂಗಿನ ಹೊಳ್ಳೆ ಅದುರುತ್ತಿತ್ತು.

“ಎಂಗೂ ನಾನು ಇಲ್ಲೇ ಸಾಯ್ಬೇಕಲ್ಲ,” ಅಂದ. “ಐದು ಗಂಟೆಗೆ ನಿನ್ ಮಗೀನ ಇಸ್ಕೂಲಿಂದ ನಾನೇ ಕರ್ಕೊಂಡ್ ಬಂದು, ನೀನು ಬರೋಗಂಟ ನೋಡ್ಕೋತೀನಿ. ನೀನು ಅಲ್ಲಿ ದಿನಾ ನಮ್ ಬಾಡಿಗೆ ಮನೆಗಳಿಗೆ ನೀರಿನ ಮೋಟ್ರು ಆಕ್ಬುಟ್ಟು ಬಾ. ನಮ್ಮೋಳಿಗೆ ಮಂಡಿ ನೋವು, ಅವ್ಳ ಕೈಲಿ ಆಗಾಕಿಲ್ಲ.”

ಶೋಭಾರಾಣಿ ಬೈಯಲು ಬಾಯಿ ತೆರೆದಳು. ತೆರೆದ ಬಾಯಲ್ಲೇ ಮೋಟರಿನ ಸ್ವಿಚ್ಚು ಎಲ್ಲಿದೆ ಎಂದು ಕೇಳಿದಳು.