ದ್ರಾಕ್ಷಿಗೆ ಕಾಣದ ಲಾರಿ

ಹೆಂಡತಿ ಪಕ್ಕಕ್ಕೆ ಬಂದು ಕೂತರೆ ತೊದಲುವ ಗಂಡಂದಿರನ್ನು ನೀವು ನೋಡಿರುತ್ತೀರಿ. ತೊದಲುವ ಎಂಜಿನ್ ನೋಡಿದ್ದೀರಾ? ನಮ್ಮ ಕಾಕಾನ ವ್ಯಾನು ಅಂಥದ್ದು. ಕಾಕಾ ಒಬ್ಬನೇ ಓಡಿಸಿದರೆ ಬೆಣ್ಣೆ. ಪಕ್ಕದಲ್ಲಿ ಕಾಕು ಕೂತಳೋ, ಊರು ದಾಟುವಷ್ಟರಲ್ಲಿ ಠಪ್, ಠಪ್, ಠಪ್!

ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವ ಹಳೆಯ ವ್ಯಾನು ಅದು. ಚಳಿಗಾಲದಲ್ಲಿ ಕೂತವರಿಗೆ ಬಿಸಿ ಉಚಿತ. ಬೇಸಿಗೆಯಲ್ಲೂ ಉಚಿತ! ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಕಾಕಾ ಅದನ್ನು ಜಲನಗರದ ಮನೆಯ ಮುಂದೆ ನಿಲ್ಲಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಹಚ್ಚಿ ದಿನವಿಡೀ ಆಲಿಸುತ್ತಾನೆ. ಆಸ್ಪತ್ರೆಯಲ್ಲಿ ಡಾಕ್ಟರು ತನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ, "ಯಾವ ಸಿಲಿಂಡರ್ ಮಿಸ್ ಐತ್ರಿ?" ಎಂದು ಕೇಳಿದ ಆಸಾಮಿ.

ಪ್ಲಗ್ಗು ಬದಲಾದವು. ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಗೋಳಗುಮ್ಮಟದ ಹತ್ತಿರದ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು ಬೀಗದಕೈ ವಾಪಸು ಕೊಟ್ಟ. "ಸರ, ಗಾಡಿ ಗುಂಡಿನಂಗ ಐತ್ರಿ."

"ಹೆಂಡತಿ ಕುಂತ್ರ ಮಿಸ್ ಹೊಡೀತೈತಪಾ."

"ಅದಕ್ಕ ನಮ್ಮಲ್ಲಿ ಪಾರ್ಟ್ ಸಿಗೂದಿಲ್ರಿ!"

ತಪ್ಪು ಕಾಕುವಿನ ತೂಕದ್ದೇ ಎಂದು ಕಾಕಾ ತೀರ್ಮಾನಿಸಿದ. ಆದರೆ ಸಾಕ್ಷಿ ಬೇಕಲ್ಲ! ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಗೆಳೆಯನ ಗೋದಾಮಿಗೆ ಕಾಕುವನ್ನೂ ನನ್ನನ್ನೂ ಕರೆದುಕೊಂಡು ಹೋಗಿ, ದ್ರಾಕ್ಷಿ ತೂಗುವ ಕಾಟಾದ ಮೇಲೆ ಕಾಕುವನ್ನು ನಿಲ್ಲಿಸಿದ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಾದ್ದರಿಂದ ಅಧಿಕೃತ ವೀಕ್ಷಕಿ.

"ಮದಿವಿ ಮುಂದೂ ನನ್ನ ಹಿಂಗ ತೂಗಿರಲಿಲ್ಲಲ್ರೀ!" ಎಂದಳು ಕಾಕು.

ಗೆಳೆಯ ಗಂಭೀರವಾಗಿ ಕೇಳಿದ: "ವೈನಿ ಸೀರಿ ತೂಕ ಕಳೀಲೇನು?"

ಅಷ್ಟೇ ತೂಕದ ದ್ರಾಕ್ಷಿ ಬಾಕ್ಸುಗಳನ್ನು ಮುಂದಿನ ಸೀಟಿಗೆ ಹೇರಿ ಹಗ್ಗದಿಂದ ಬಿಗಿದದ್ದಾಯಿತು. ಕಾಕು ಗೋದಾಮಿನಲ್ಲೇ ಉಳಿದಳು. ನಾನು ಹಿಂದಿನ ಸೀಟಿನಲ್ಲಿ. ಬಬಲೇಶ್ವರದ ಕಡೆ ಹೋಗಿ ಬಂದೆವು. ಎಂಜಿನ್ ಒಮ್ಮೆಯಾದರೂ ತೊದಲಬೇಕೇ? ಇಲ್ಲ!

"ನೋಡು, ದ್ರಾಕ್ಷಿ ಎಷ್ಟ ಶಾಂತ ಕುಂತೈತಿ," ಎಂದು ಕಾಕಾ ಬಾಕ್ಸನ್ನು ತಟ್ಟಿದ. "ಆಕಿ ತೂಕದ್ದಲ್ಲ ತಂಗಿ, ಆಕಿ ಸ್ವಭಾವದ್ದ ದೋಷ!"

ಕಾಕು ಜಗಳವಾಡಲಿಲ್ಲ. ಅವತ್ತಿನಿಂದ ಬಬಲೇಶ್ವರದ ತವರುಮನೆಗೆ ಬಸ್ಸಿನಲ್ಲಿ ಹೋಗತೊಡಗಿದಳು. "ಬಸ್ಸಿನ ಎಂಜಿನ್ನಿಗೆ ನನ್ನ ಸ್ವಭಾವ ಗೊತ್ತಿಲ್ರಿ," ಎಂದು ಮಾತ್ರ ಅಂದಳು. ಕಾಕಾ ನಕ್ಕ. ಆದರೆ ಅವಳಿಲ್ಲದೆ ಎಂಜಿನ್ ಸುಗಮವಾಗಿ ಓಡಿದಷ್ಟೂ ಅವನ ಮುಖ ಸಣ್ಣದಾಗುತ್ತಿತ್ತು.

ಕೊನೆಯ ಪ್ರಯೋಗಕ್ಕೆ ನಾನು ಸಿಕ್ಕೆ. ಸ್ವಭಾವ ಬೇರೆ ಇರುವ ಹೆಣ್ಣುಮಗಳನ್ನು ಮುಂದೆ ಕೂರಿಸಿ ನೋಡಬೇಕಂತೆ!

ತಿಕೋಟಾ ದಾಟಿದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರು. ಕಾಕಾ ತನ್ನ ರೂಢಿಯಂತೆ ಹಾರ್ನ್ ಹೊಡೆದು ಬಲಕ್ಕೆ ನುಗ್ಗಿದ. ಎದುರಿಗೆ ಲಾರಿ ಬಂತು. ನಾನು ಎರಡೂ ಕಾಲಿನಿಂದ ನೆಲವನ್ನು ಒತ್ತಿ ಹಿಂದಕ್ಕೆ ಆತುಕೊಂಡೆ. ಠಪ್, ಠಪ್! ವ್ಯಾನಿನ ಕಸುವು ಸೋರಿಹೋಯಿತು. ಮುಂದೆ ಹೋಗಲು ಶಕ್ತಿಯಿಲ್ಲ, ಎಡಕ್ಕೆ ಕಬ್ಬಿನ ಗೋಡೆ. ಲಾರಿಯ ಮೂತಿಗೆ ಕಟ್ಟಿದ್ದ ನಿಂಬೆಹಣ್ಣು ಕಾಣುವಷ್ಟು ಹತ್ತಿರ. ಕಾಕಾ ಬಲಕ್ಕೆ ತಿರುಗಿಸಿದ. ರಸ್ತೆ ಬಿಟ್ಟು ಜಾಲಿಕಂಟಿಯೊಳಗೆ ಹೊಕ್ಕು ನಿಂತೆವು. ಹಿಂದೆ ಲಾರಿಯ ಹಾರ್ನ್ ಬಹಳ ದೂರದವರೆಗೆ ಬೈಯುತ್ತ ಹೋಯಿತು.

ಇದನ್ನು ಬರೆಯುವಾಗಲೂ ನನ್ನ ಪಾದಗಳು ಮೇಜಿನ ಕೆಳಗೆ ನೆಲ ಒತ್ತುತ್ತಿವೆ. ನಿದ್ದೆಗಣ್ಣಿನಲ್ಲೂ ಆ ನಿಂಬೆಹಣ್ಣು ಬರುತ್ತದೆ.

ಸಾವಿನ ಬಾಯಿಂದ ಬಂದ ಮನುಷ್ಯ ಮೊದಲು ಏನನ್ನುತ್ತಾನೆ? ದೇವರ ಹೆಸರು? ಕಾಕಾ ಕೂಗಿದ: "ಕೇಳಿಸ್ತೇನು? ಮಿಸ್ ಹೊಡೀತು! ನಿನಗೂ ಹೊಡೀತು!"

ನಾನು ಅಳುತ್ತಾ ಬಾಗಿಲಿಗೆ ಕೈ ಹಾಕಿದೆ.

"ಇಳೀಬ್ಯಾಡ! ಹಂಗ ಕುಂದ್ರು." ಎಂಜಿನ್ ಇನ್ನೂ ತೊದಲುತ್ತಿತ್ತು. ಕಾಕಾ ಬಗ್ಗಿ ನನ್ನ ಕಾಲು ನೋಡಿದ. "ಕಾಲು ಸಡ್ಲ ಬಿಡು." ಬಿಟ್ಟೆ. ಬೆಣ್ಣೆ. "ಒತ್ತು." ಠಪ್, ಠಪ್. "ಬಿಡು." ಬೆಣ್ಣೆ.

ಇಳಿದು ಸೀಟು ಎತ್ತಿದೆವು. ಕೂತವರು ಕಾಲೊತ್ತಿ ಹಿಂದಕ್ಕೆ ಆತುಕೊಂಡಾಗ ಸೀಟಿನ ಹಿಂದಿನ ಅಂಚು ಕೆಳಗಿಳಿದು ಪ್ಲಗ್ಗಿನ ವೈರನ್ನು ಕಚ್ಚುತ್ತಿತ್ತು. ಕಚ್ಚಿದ ಜಾಗದಲ್ಲಿ ರಬ್ಬರು ಸವೆದು ಕಪ್ಪಾಗಿತ್ತು. ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಸೀಟಿನ ಕಬ್ಬಿಣಕ್ಕೆ ಹಾರುತ್ತಿತ್ತು.

"ಮತ್ತ ದ್ರಾಕ್ಷಿ ಯಾಕ ಒತ್ತಲಿಲ್ಲ?" ಎಂದ ಕಾಕಾ.

"ದ್ರಾಕ್ಷಿಗೆ ಲಾರಿ ಕಾಣೂದಿಲ್ಲ, ಕಾಕಾ. ನನಗ ಹೆದರಿಕಿ ಆತು, ಅದಕ್ಕ ಒತ್ತಿದೆ."

ಅವನು ನಗಲಿಲ್ಲ. ಸವೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. "ರಬ್ಬರ್ ಒಂದ ದಿನದಾಗ ಇಷ್ಟು ಸವೀತೈತೇನು?" ಎಂದು ಕೇಳಿದ. ಅವನು ಅಲ್ಲೇ ಜಾಲಿಯ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಹೆದರಿಕಿ ಆಗ್ತೈತಂತ ಒಮ್ಮೆರ ಬಾಯಿ ಬಿಟ್ಟು ಹೇಳಬಾರದಾಗಿತ್ತೇನು ಆಕಿ?"

"ಹೇಳಿರಬೇಕು, ಕಾಕಾ. ನೀ ಎಂಜಿನ್ ಸೌಂಡ್ ಕೇಳ್ತಿದ್ದಿ."

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ ಕೇಳಿದಳು: "ಸಿಕ್ತೇನ್ರಿ ದೋಷ? ಎಲ್ಲಿತ್ತು?"

"ಎಕ್ಸಿಲೇಟರ್ ತುಳಿಯೂ ನನ್ನ ಬಲಗಾಲಾಗ," ಎಂದು ಕಾಕಾ ನೇರ ಒಳಗೆ ಹೋದ.

ವೈರು ಹೊಸದಾಯಿತು. ಈಗ ಯಾರು ಎಷ್ಟು ಒತ್ತಿದರೂ ಎಂಜಿನ್ ತೊದಲುವುದಿಲ್ಲ. ಹಾಗಾದರೆ ಕಾಕು ಹೆದರಿದ್ದು ತಿಳಿಯುವುದು ಹೇಗೆ? ಅದೇ ಕಾಕಾನ ಹೊಸ ಚಿಂತೆ! ಮೊನ್ನೆ ಮೂವರೂ ಬಬಲೇಶ್ವರಕ್ಕೆ ಹೊರಟೆವು. ಮುಂದೆ ಮತ್ತೆ ಕಬ್ಬಿನ ಟ್ರ್ಯಾಕ್ಟರ್. ಕಾಕಾ ಹಾರ್ನ್ ಮುಟ್ಟಲಿಲ್ಲ. ಬಿದ್ದ ಕಬ್ಬಿನ ಸೋಗೆ ತುಳಿಯುತ್ತ ಅದರ ಹಿಂದೆಯೇ ಹೊರಟ. ಗಳಿಗೆಗೊಮ್ಮೆ ಕತ್ತು ಬಗ್ಗಿಸಿ ಕಾಕುವಿನ ಪಾದ ನೋಡುತ್ತಿದ್ದ.

"ರಸ್ತಾ ನೋಡ್ರಿ! ನನ್ನ ಕಾಲಾಗ ಏನೈತಿ?"

"ಏನಿಲ್ಲ ಬೇ. ನೀ ಆರಾಮ ಕುಂದ್ರು."

ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಕಾಕುವಿನ ಚಪ್ಪಲಿಗಳು ಕೆಳಗೆ ಬಿದ್ದಿದ್ದವು. ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಬಾಯಿ ತುಸು ತೆರೆದು, ಅವಳು ನಿದ್ದೆ ಹೋಗಿದ್ದಳು.