ಉಪ್ಪುನೀರಿನ ಪೀಡೆಗಳೂ ನನ್ನ ಷಡ್ಡಕನೂ

ಕಡೂರಿನಂಥ ಊರಿನಲ್ಲಿ ಕೂತು ಗಾಜಿನೊಳಗೆ ಸಮುದ್ರ ಸಾಕುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಷಡ್ಡಕನೂ ಒಂದು ಸಮುದ್ರ ಸಾಕಿಕೊಂಡಿದ್ದರಂತೂ ಕೇಳಲೇಬೇಡಿ.

ನನ್ನದು ಕಡೂರಿನಲ್ಲಿ ಫೋಟೋ ಸ್ಟುಡಿಯೋ. ನನ್ನ ನಾದಿನಿಯ ಗಂಡನದು ತರೀಕೆರೆಯಲ್ಲಿ ಕನ್ನಡಕದ ಅಂಗಡಿ. ಅವನು ಅಂಗಡಿಯಲ್ಲಿ ದೊಡ್ಡ ಟ್ಯಾಂಕ್ ಇಟ್ಟು, ಫಿಲ್ಟರ್ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಕಲ್ಲು ಜೋಡಿಸಿ, ಜೀವಂತ ಹವಳ ಬೆಳೆಸಿದ. ಅಮೃತಾಪುರದ ದೇವಸ್ಥಾನಕ್ಕೆ ಬಂದವರು ಅದನ್ನೂ ನೋಡಿಕೊಂಡು ಹೋಗತೊಡಗಿದರು. ಅಜ್ಜಂಪುರದ ನಮ್ಮತ್ತೆಯಂತೂ ಬಾಯಿ ತೆರೆದರೆ, "ನಮ್ಮ ಚಿಕ್ಕಳಿಯಂದ್ರ ಅಂಗಡೀಲಿ ಸಮುದ್ರಾನೇ ಐತೆ ಕಣೇ" ಅನ್ನುವುದೇ ಆಯಿತು.

ಸ್ವಲ್ಪ ದಿನಕ್ಕೆ ನನ್ನ ಸ್ಟುಡಿಯೋಗೂ ಸಮುದ್ರ ಬಂತು. ಅವನದಕ್ಕಿಂತ ಒಂದು ಗೇಣು ಉದ್ದ.

ತಾನಾಗಿ ಹುಟ್ಟಿದ ಹೂವು

ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಕಲ್ಲಿನ ಮೇಲೆ ಕಂದು ಬಣ್ಣದ ಪುಟ್ಟ ಹೂವು! ಸಣ್ಣ ಸಣ್ಣ ಎಳೆ ಬಿಚ್ಚಿಕೊಂಡು ನೀರಲ್ಲಿ ತೂಗುತ್ತಿದೆ. ನಾನು ತಂದು ನೆಟ್ಟಿದ್ದಲ್ಲ, ತಾನಾಗಿ ಬಂದಿದ್ದು. ತಕ್ಷಣ ಒಳ್ಳೇ ಲೆನ್ಸ್ ಹಾಕಿ ಫೋಟೋ ತೆಗೆದು ಷಡ್ಡಕನಿಗೆ ಕಳಿಸಿದೆ.

ಅವನು ಕೂಡಲೇ ಫೋನ್ ಮಾಡಿದ. "ಅಣ್ಣಾ, ಅದು ಕಳೆ ಕಣಣ್ಣ. ಹವಳಾನೆಲ್ಲ ಕುಟುಕಿ ಕೊಲ್ಲುತ್ತೆ. ಈಗ್ಲೇ ತೆಗೆದಾಕಿ."

"ಆಯ್ತಪ್ಪ" ಅಂದು ಫೋನ್ ಇಟ್ಟೆ. ಹೆಂಡತಿಗೆ ಹೇಳಿದೆ, "ನೋಡಿದ್ಯಾ? ಅವನ ಟ್ಯಾಂಕಲ್ಲಿ ಇಂಥದ್ದು ಹುಟ್ಟಿಲ್ಲ. ಹೊಟ್ಟೆ ಉರ್ಕೊಂಡು ಸಾಯ್ತಾವ್ನೆ."

ಹೂವಿಗೆ ಕೈಯಾರೆ ಸೀಗಡಿ ಚೂರು ತಿನ್ನಿಸಿದೆ. ಸಾಲದು ಅಂತ ಅರ್ಧ ಕತ್ತರಿಸಿ ಇನ್ನೊಂದು ಕಲ್ಲಿಗೂ ಕೂರಿಸಿದೆ. ಅದು ನನ್ನ ಉಪಕಾರ ಮರೆಯಲಿಲ್ಲ. ಕಲ್ಲು, ಗಾಜು, ಪಂಪು ಒಂದನ್ನೂ ಬಿಡದೆ ಹಬ್ಬಿತು. ನನ್ನ ಹವಳಗಳು ಒಂದೊಂದಾಗಿ ಮುದುಡಿಕೊಂಡವು. ಗಾಬರಿಯಾಗಿ ಬೆಂಗಳೂರಿನ ಮೀನಿನಂಗಡಿಯವನಿಗೆ ಫೋನ್ ಮಾಡಿದೆ.

"ಅಯ್ಯೋ, ಅದು ಐಪ್ಟೇಷಿಯಾ ಸಾರ್. ಬಹಳ ಕೆಟ್ಟ ಪೀಡೆ. ಏನು ಬೇಕಾದ್ರೂ ಮಾಡಿ, ಕತ್ತರಿಸೋಕೆ ಮಾತ್ರ ಹೋಗ್ಬೇಡಿ. ತುಂಡು ತುಂಡೂ ಗಿಡ ಆಗುತ್ತೆ."

ಪಕ್ಕದಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡ ಹೆಂಡತಿ ಅಂದಳು: "ಪಾಪ, ಹೊಟ್ಟೆಕಿಚ್ಚಿನಲ್ಲೂ ನಿಜಾನೇ ಹೇಳಿದ್ದಾರೆ ನೋಡ್ರೀ."

ಸೂಜಿಮದ್ದು

ಆ ಹೂವಿನ ಬಾಯಿಗೆ ನಿಂಬೆರಸ ಚುಚ್ಚಿದರೆ ಸಾಯುತ್ತದಂತೆ. ಅದಕ್ಕೆ ತೀರಾ ಸಣ್ಣ ಸೂಜಿ ಬೇಕು, ಇನ್ಸುಲಿನ್ ಸಿರಿಂಜೇ ಸರಿ ಅಂತ ಅಂಗಡಿಯವನು ಹೇಳಿದ. ಕಡೂರಿನ ಒಂದು ಮೆಡಿಕಲ್ ಶಾಪಿಗೆ ಹೋಗಿ ಒಂದು ಕಟ್ಟು ಕೇಳಿದೆ.

"ಯಾರಿಗೆ ಸಾರ್?" ಅಂದ.

ಹೂವಿಗೆ ಅಂದರೆ ನಗುತ್ತಾನೆ, ಆ ನಗು ತರೀಕೆರೆ ಮುಟ್ಟುತ್ತೆ ಅಂತ ಹೆದರಿ, "ಮನೆಗೆ" ಅಂದೆ.

ಯುಗಾದಿಗೆ ಅಜ್ಜಂಪುರಕ್ಕೆ ಹೋದೆವು. ಷಡ್ಡಕನೂ ನಾನೂ ಅಕ್ಕಪಕ್ಕ ಊಟಕ್ಕೆ ಕೂತೆವು. ಅತ್ತೆ ಅವನ ಎಲೆಗೆ ಬಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ನನ್ನ ಎಲೆಗೆ ಬಂದಿದ್ದು ಹಾಗಲಕಾಯಿ ಪಲ್ಯ ಮತ್ತು ಅರ್ಧ ಮುದ್ದೆ.

"ಅತ್ತೇ, ಹೋಳಿಗೆ?"

"ನಿಮಗೆ ಬ್ಯಾಡ ಕಣಪ್ಪ." ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಸೂಜಿ ಚುಚ್ಕೊಳ್ಳೋ ಮಟ್ಟಕ್ಕೆ ಬಂದೈತಂತೆ ಸಕ್ಕರೆ ಕಾಯ್ಲೆ. ಕಡೂರಿಂದ ಬಂದೋರು ಎಲ್ಲಾ ಹೇಳಿದ್ರು. ನಮ್ಮತ್ರಾನೂ ಮುಚ್ಚಿಡದಾ?"

ನಿಜ ಹೇಳೋಣವೆಂದರೆ ಪಕ್ಕದಲ್ಲೇ ಷಡ್ಡಕ. ನನ್ನ ಟ್ಯಾಂಕ್ ತುಂಬಾ ಕಳೆ ಅಂತ ಅವನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಹಾಗಲಕಾಯಿಯೇ ವಾಸಿ ಅನಿಸಿತು. ಸುಮ್ಮನೆ ಅಗಿದೆ.

ಅವನು ನನ್ನ ಪಾಲಿನ ಹೋಳಿಗೆಯನ್ನೂ ಹಾಕಿಸಿಕೊಳ್ಳುತ್ತಾ ಅಂದ: "ಧೈರ್ಯವಾಗಿರಿ ಅಣ್ಣ. ನಿಮ್ಮ ಕಷ್ಟ ನಾನು ತಿಂತೀನಿ."

ಸೀಗಡಿ ಸೇವೆ

ನಿಂಬೆರಸಕ್ಕೆ ಅರ್ಧ ಸತ್ತವು, ಅರ್ಧ ಹುಳಿ ಕುಡಿದು ಕೊಬ್ಬಿದವು. ಕೊನೆಗೆ ತಿಳಿಯಿತು: ಪೆಪ್ಪರ್‌ಮಿಂಟ್ ಸೀಗಡಿ ಅಂತ ಒಂದಿದೆ, ಈ ಕಳೆಯನ್ನು ಹುಡುಕಿ ಹುಡುಕಿ ತಿನ್ನುತ್ತದೆ. ಷಡ್ಡಕನ ಹತ್ತಿರ ಅಂಥವು ಎರಡು ಇದ್ದವು. ಹೆಂಡತಿ, "ಒಂದು ಕೇಳ್ರೀ, ಕೊಡ್ತಾರೆ" ಅಂದಳು.

"ಅವನ ಹತ್ರ ಕೈ ಚಾಚಲ್ಲ" ಅಂದು, ಯಾವುದೋ ಹೊಸ ಅಂಗಡಿಯಿಂದ ನಾಲ್ಕು ತರಿಸಿದೆ. ಕೆಂಪು ಗೆರೆ, ಬಿಳಿ ಗೆರೆ, ನೋಡಲು ಬಹಳ ಲಕ್ಷಣವಾಗಿದ್ದವು. ಬಿಟ್ಟ ಮಾರನೆ ದಿನವೇ ಕೆಲಸ ಶುರು ಮಾಡಿದವು. ಕಳೆಯನ್ನು ಮೂಸಿಯೂ ನೋಡದೆ, ಉಳಿದಿದ್ದ ಹವಳವನ್ನು ಸಾಲಾಗಿ ಮೇಯ್ದವು.

ಅವು ಒಂಟೆ ಸೀಗಡಿಗಳಂತೆ. ನೋಡಲು ಹಾಗೇ, ಬುದ್ಧಿ ತದ್ವಿರುದ್ಧ. ಹೊಸ ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಸಮಾಧಾನವಾಗಿ ಅಂದ: "ಖುಷಿ ಪಡಿ ಸಾರ್. ಹವಳಾನೆಲ್ಲ ತಿಂದ್ ಮುಗಿಸಿದ್ವಲ್ಲ, ಇನ್ನು ನಿಮ್ಮ ಹವಳಕ್ಕೆ ಯಾವ ಕಳೆ ಕಾಟಾನೂ ಇಲ್ಲ."

ಟಕ್ ಟಕ್

ಆಮೇಲೆ ಒಂದು ದಿನ ನನ್ನ ಕಿವಿಗೆ ಅಮೃತ ಬಿದ್ದ ಹಾಗೆ ಷಡ್ಡಕನ ಫೋನು. "ಅಣ್ಣಾ, ನನ್ನ ಟ್ಯಾಂಕಲ್ಲಿ ಬಸವನಹುಳಗಳ ಚಿಪ್ಪೆಲ್ಲ ಒಡೆದು ಬಿದ್ದಾವೆ. ಎರಡು ಮೀನೂ ಕಾಣೆ. ಕಲ್ಲಿನೊಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತೆ. ಸ್ವಲ್ಪ ಬರ್ತೀರಾ?"

ಸ್ಟುಡಿಯೋದಲ್ಲಿ ಫೋಟೋಗೆ ಕೂತಿದ್ದವರನ್ನು ಎಬ್ಬಿಸಿ ಕಳಿಸಿ, ಹೆಂಡತಿಯನ್ನೂ ಹೊರಡಿಸಿಕೊಂಡು ಮೊದಲ ಬಸ್ಸಿಗೇ ತರೀಕೆರೆಗೆ ಹೋದೆ. ಇಷ್ಟು ದಿನ ಪೀಡೆಗಳ ಬಗ್ಗೆ ಓದಿದ್ದೆಲ್ಲ ಅವತ್ತು ಉಪಯೋಗಕ್ಕೆ ಬಂತು. ಕಿವಿಯನ್ನು ಗಾಜಿಗಿಟ್ಟು, "ಮ್ಯಾಂಟಿಸ್ ಸೀಗಡಿ ಕಣಪ್ಪ. ಮುಷ್ಟಿಯಲ್ಲಿ ಗುದ್ದಿ ಕೊಲ್ಲುತ್ತೆ. ಕೈ ಹಾಕ್ಬೇಡ" ಅಂದೆ. ಅಜ್ಜಂಪುರದಿಂದ ಬಂದಿದ್ದ ಅತ್ತೆಯೂ ಅಲ್ಲೇ ಇದ್ದರು. ನನ್ನನ್ನು ಅಷ್ಟು ಗೌರವದಿಂದ ಅವರು ಮದುವೆ ದಿನವೂ ನೋಡಿರಲಿಲ್ಲ.

ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದಕ್ಕೇ ತೂರಿಸಿ, ಒಳಗೆ ಮೀನಿನ ಚೂರಿಟ್ಟು ಕಲ್ಲಿನ ಬಳಿ ಇಳಿಸಿದೆ. ಎಲ್ಲರೂ ಗಾಜಿನ ಮುಂದೆ ಕಾದು ಕೂತೆವು. ಸಂಜೆ ಹೊತ್ತಿಗೆ ಕಳ್ಳ ಒಳಗೆ!

ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಹಸಿರು, ನೀಲಿ, ಕೆಂಪು, ಥೇಟ್ ನವಿಲು. ಕಣ್ಣು ಎರಡನ್ನೂ ಬೇರೆ ಬೇರೆ ಕಡೆ ತಿರುಗಿಸಿ ನಮ್ಮನ್ನೇ ನೋಡುತ್ತಿತ್ತು.

"ಏನ್ ಚೆಂದ ಐತವ್ವಾ!" ಅಂದರು ಅತ್ತೆ.

ಷಡ್ಡಕ ಆಗಲೇ ಅದಕ್ಕೆ ಬೇರೆ ಟ್ಯಾಂಕ್ ಇಟ್ಟುಬಿಟ್ಟ. ಈಗ ಸಖರಾಯಪಟ್ಟಣದಿಂದ, ಎಮ್ಮೆದೊಡ್ಡಿಯಿಂದ ಜನ ಅದನ್ನು ನೋಡಲೆಂದೇ ಬರುತ್ತಾರೆ. ನೋಡಿದ ಮೇಲೆ ಕನ್ನಡಕವನ್ನೂ ಮಾಡಿಸಿಕೊಂಡು ಹೋಗುತ್ತಾರೆ. ಹಿಡಿದುಕೊಟ್ಟವನು ನಾನು.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಬೀರೂರು ದಾಟಿದ ಮೇಲೆ ನಿಟ್ಟುಸಿರು ಬಿಟ್ಟು ಅಂದಳು:

"ಎಲ್ಲದಕ್ಕೂ ಯೋಗ ಬೇಕು ಬಿಡ್ರೀ. ನಮಗೆ ಒಂದು ಪೀಡೇನಾದ್ರೂ ಲಕ್ಷಣವಾಗಿರೋದು ಸಿಕ್ತಾ?"